ಗೂಡಿನೊಳಗಿನ ನೀಲಿ ದಾರ

ಕ್ಯಾಮೆರಾದ ಪುಟ್ಟ ಪರದೆಗೆ ಅಂಗೈ ಮರೆ ಹಿಡಿದು ಹಿಲ್ಕ ಆ ಚಿತ್ರವನ್ನು ಮೂರನೆಯ ಸಲ ನೋಡಿದಳು. ಪೈನ್ ಮರದ ತುದಿಯ ಗೂಡು, ಅದರಲ್ಲಿ ಮೀನುಗಿಡುಗದ ಮೂರು ಮರಿಗಳು. ಎರಡು ಅಂಚಿಗೆ ಬಂದು ರೆಕ್ಕೆ ಬಡಿಯುತ್ತಿದ್ದವು. ಮೂರನೆಯದು ಮೂಲೆಯಲ್ಲಿ ಕುಕ್ಕರಿಸಿತ್ತು. ಅದರ ಬಲಗಾಲಿಗೆ ನೀಲಿ ದಾರ ಬಿಗಿಯಾಗಿ ಸುತ್ತಿಕೊಂಡು, ಪಾದ ಎರಡರಷ್ಟು ಊದಿತ್ತು.

"ಯಾವಾಗ ತೆಗೆದಿದ್ದು?"

"ಈಗ, ಆರು ಗಂಟೆಗೆ," ಎಂದ ಅರ್ತೊ. "ನಿನ್ನೇನೂ ಅದು ಎದ್ದು ನಿಲ್ಲಲಿಲ್ಲ. ಸೋಮಾರಿ ಮರಿ ಅಂದ್ಕೊಂಡೆ."

"ಹಕ್ಕೀಲಿ ಸೋಮಾರಿಗಳು ಇರಲ್ಲ ಮಾರಾಯ. ಅವೆಲ್ಲ ನಿಮ್ಮ ತಾಂಪೆರೆ ಪಟ್ಟಣದಲ್ಲೇ ಇರೋದು."

ಅರ್ತೊ ನಗಲಿಲ್ಲ. ಮೇ ತಿಂಗಳಲ್ಲಿ ಮೊಟ್ಟೆ ಇಟ್ಟಾಗಿನಿಂದ ಅವನು ಜೌಗಿನ ಈಚೆ ದಡದ ಹಲಗೆಗುಡಿಸಲಿನಲ್ಲಿ ಅಡಗಿ ಕುಳಿತು ಈ ಮರಿಗಳ ಚಿತ್ರ ತೆಗೆಯುತ್ತಿದ್ದ. ಸೊಳ್ಳೆಗಳಿಗೆ ಅವನ ರಕ್ತದ ರುಚಿ ಚೆನ್ನಾಗಿ ಹಿಡಿದಿತ್ತು. ಬೋಳು ತಲೆಯ ಕೂಸುಗಳು ಗರಿ ಮೂಡಿ ದೊಡ್ಡವಾದದ್ದೆಲ್ಲ ಅವನ ಬಳಿ ದಿನದಿನದ ಲೆಕ್ಕದಲ್ಲಿತ್ತು. ಹಿಲ್ಕ ಊರ ಶಾಲೆಯ ಅಡುಗೆಯವಳು. ಬೇಸಿಗೆ ರಜೆ ಬಂತೆಂದರೆ ಮರ ಹತ್ತಿ ಗಿಡುಗದ ಮರಿಗಳ ಕಾಲಿಗೆ ಗುರುತಿನ ಬಳೆ ತೊಡಿಸುವುದು ಇಪ್ಪತ್ತಾರು ವರ್ಷಗಳಿಂದ ಅವಳ ಕೆಲಸ. ಈ ಮೂರಕ್ಕೂ ಮೂರು ವಾರದ ಹಿಂದೆ ಅವಳೇ ಬಳೆ ಹಾಕಿ ಇಳಿದಿದ್ದಳು. ಆಗ ದಾರವೇನೂ ಕಂಡಿರಲಿಲ್ಲ.

ತೊಡಕು ಇದ್ದದ್ದು ದಿನದ ಲೆಕ್ಕದಲ್ಲಿ. ಮರಿಗಳಿಗೆ ನಲವತ್ತು ದಿನ ದಾಟಿದ ಮೇಲೆ ಯಾರೂ ಗೂಡಿಗೆ ಹತ್ತಕೂಡದು ಎಂದು ಹೊಸಬರಿಗೆಲ್ಲ ಕಿವಿ ಹಿಂಡಿ ಕಲಿಸಿದವಳೇ ಹಿಲ್ಕ. ಅಷ್ಟು ಬೆಳೆದ ಮರಿ ಹೆದರಿದರೆ, ಹಾರಲು ಬಾರದಿದ್ದರೂ ಗೂಡಿನಿಂದ ಧುಮುಕಿಬಿಡುತ್ತದೆ. ಇಂದು ನಲವತ್ತಾರನೆಯ ದಿನ. ಹತ್ತಿದರೆ ಮೂರೂ ಹೋಗಬಹುದು. ಹತ್ತದಿದ್ದರೆ, ಉಳಿದೆರಡು ಹಾರಿ ದಕ್ಷಿಣಕ್ಕೆ ಹೋದ ಮೇಲೆ ಈ ಮರಿ ಕಟ್ಟಿಹಾಕಿದಂತೆ ಅಲ್ಲೇ ಉಪವಾಸ ಸಾಯುತ್ತದೆ.

ಜೊತೆಗಿದ್ದ ಮೂರನೆಯವನು ತೈಸ್ತೊ, ಹಿಲ್ಕಳ ಗಂಡನ ಅಣ್ಣ. ಸರೋವರದಲ್ಲಿ ಬಲೆ ಹಾಕುತ್ತ, ದಡದಲ್ಲಿ ಹುಲ್ಲು ಬೆಳೆಯುತ್ತ ಅರವತ್ತೇಳು ವರ್ಷ ಕಳೆದವನು. ಹಳೆಯ ಮರಗಳನ್ನೆಲ್ಲ ಕಡಿದ ಮೇಲೆ ಗಿಡುಗಗಳಿಗೆ ಗೂಡು ಕಟ್ಟಲು ಗಟ್ಟಿ ತುದಿಯ ಪೈನ್ ಸಿಗುವುದಿಲ್ಲ. ಅದಕ್ಕೇ ಊರಿನವರು ಚಳಿಗಾಲದಲ್ಲಿ ಕಾಲಿಗೆ ಜಾರುಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಹೋಗಿ, ಮರದ ತುದಿಗೆ ಚೌಕಟ್ಟು ಹೂಡಿ, ಕೊಂಬೆ ಬಿಗಿದು ಬರುತ್ತಾರೆ. ಈ ಗೂಡಿನ ತಳ ಹೂಡಿದವನು ತೈಸ್ತೊ. ಚಿತ್ರ ನೋಡಿದವನು ಕಾಫಿ ಲೋಟ ಕೆಳಗಿಟ್ಟ.

"ದೋಣಿ ತರ್ತೀನಿ, ಮರಿ ಸರೋವರಕ್ಕೆ ಬಿದ್ದರೆ ಹಿಡಿಯೋಕೆ," ಎಂದ. ಯಾರೂ ಇನ್ನೂ ಕೇಳಿರಲಿಲ್ಲ.

ಹಿಲ್ಕ ನಿರ್ಧಾರ ಮಾಡಿದಳು. "ಹತ್ತು ಗಂಟೆಗೆ ಗಾಳಿ ಏಳುತ್ತೆ. ಗಾಳಿ ಸಿಕ್ಕರೆ ಮರಿಗಳು ಎದ್ದುಬಿಡ್ತವೆ. ಅಷ್ಟರೊಳಗೆ ಮುಗೀಬೇಕು. ಅರ್ತೊ, ನೀನು ಹಗ್ಗ ಹಿಡೀತೀಯ."

"ನಾನಾ? ಫೋಟೋ?"

"ಫೋಟೋ ಬೇಕಾ, ಮರಿ ಬೇಕಾ?"

ಅರ್ತೊ ಹಗ್ಗ ಹೆಗಲಿಗೆ ಹಾಕಿಕೊಂಡ.

ಗುಡಿಸಲಿನಿಂದ ಮರದವರೆಗೆ ಜೌಗು ಅರ್ಧ ಕಿಲೋಮೀಟರು ಹರಡಿತ್ತು. ಮೇಲೆ ಪಾಚಿಯ ಹಾಸು, ಅಲ್ಲಲ್ಲಿ ಹಣ್ಣಾದ ಹಳದಿ ಬೆರ್ರಿಗಳು, ನಡುನಡುವೆ ಆಕಾಶ ಬಿಂಬಿಸುವ ಕಪ್ಪು ನೀರಿನ ಕಣ್ಣುಗಳು. ದೂರದ ಅಂಚಿನಲ್ಲಿ ನೆಲ ಕೊಂಚ ಎದ್ದು, ನಾಲ್ಕು ಪೈನ್ ಮರಗಳನ್ನು ಹೊತ್ತು, ಆಚೆಗೆ ಸರೋವರಕ್ಕೆ ಇಳಿಯುತ್ತಿತ್ತು. ಆ ನಾಲ್ಕರಲ್ಲಿ ಎತ್ತರದ್ದರ ನೆತ್ತಿಯ ಮೇಲಿತ್ತು ಗೂಡು. ಇಷ್ಟು ನಿಶ್ಶಬ್ದವಾದ ಜಾಗ ಹಿಲ್ಕಳಿಗೆ ಯಾವಾಗಲೂ ಇಷ್ಟ. ಇವತ್ತು ಮಾತ್ರ ಅದನ್ನು ನೋಡುವ ಮನಸ್ಸಿರಲಿಲ್ಲ.

ತೈಸ್ತೊ ದೋಣಿ ತರಲು ಹೋದ ಮೇಲೆ ಹಿಲ್ಕ, ಅರ್ತೊ ಇಬ್ಬರೂ ಹಲಗೆ ಹಾಸಿ, ಅದರ ಮೇಲೆ ನಡೆದು, ಹಿಂದಿನ ಹಲಗೆ ಎತ್ತಿ ಮುಂದೆ ಹಾಸುತ್ತ ಸಾಗಿದರು. ಅರ್ತೊ ಒಂದು ಕಡೆ ಜಾರಿದ. ಕಾಲು ತೊಡೆಯವರೆಗೆ ಹೂತುಹೋಯಿತು.

"ಒದ್ದಾಡಬೇಡ! ಹಲಗೆ ಮೇಲೆ ಅಡ್ಡ ಮಲಕ್ಕೋ."

ಮಲಗಿದ. ಹಿಲ್ಕ ಕಾಲರ್ ಹಿಡಿದು ಎಳೆದಳು. ಅವನು ಬಂದ, ಅವನ ಒಂದು ಬೂಟು ಬರಲಿಲ್ಲ. ಕಾಲುಚೀಲದಲ್ಲೇ ಮುಂದೆ ನಡೆದ.

ಮರದ ಬುಡ ತಲುಪುವಷ್ಟರಲ್ಲಿ ತಾಯಿ ಗಿಡುಗ ಅವರನ್ನು ನೋಡಿಬಿಟ್ಟಿತ್ತು. ಅದು ಗೂಡಿನಿಂದೆದ್ದು ಮೇಲೆ ಸುತ್ತುತ್ತ ಕಿರುಚತೊಡಗಿತು. ಆ ಕೂಗು ಕೇಳಿದೊಡನೆ ಮರಿಗಳು ಸತ್ತಂತೆ ಬೋರಲು ಬಿದ್ದುಕೊಳ್ಳುವುದು ವಾಡಿಕೆ. ಹಿಲ್ಕ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿ ಅರ್ತೊನ ಕೈಗೆ ಕೊಟ್ಟು, ಬೂಟಿಗೆ ಮರ ಹತ್ತುವ ಉಕ್ಕಿನ ಮುಳ್ಳು ಬಿಗಿದು ಹತ್ತಿದಳು. ಹತ್ತು ಮೀಟರ್. ಹದಿನೈದು. ಮೊಣಕಾಲು ಗೊಣಗಿತು. ಗೂಡಿನ ಅಂಚಿಗೆ ಒಂದು ಗೇಣು ಕೆಳಗೆ ನಿಂತು ಇಣುಕಿದಳು.

ದಾರದ ಮರಿ ಮಲಗಿತ್ತು. ಅದರ ಪಕ್ಕದ್ದೂ ಮಲಗಿತ್ತು. ಎಲ್ಲಕ್ಕಿಂತ ದೊಡ್ಡದು ಮಲಗಿರಲಿಲ್ಲ. ಆಚೆ ಅಂಚಿನಲ್ಲಿ ನಿಂತು ಕಿತ್ತಳೆ ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿತ್ತು.

ಹಿಲ್ಕ ಅಲುಗಲಿಲ್ಲ. ಕಾಲು ಜೋಮು ಹಿಡಿಯಿತು. ಸೊಳ್ಳೆ ಕಣ್ಣುರೆಪ್ಪೆಯ ಮೇಲೆ ಕೂತು ಹೊಟ್ಟೆ ತುಂಬಿಸಿಕೊಂಡಿತು. ಎಷ್ಟೋ ಹೊತ್ತಿನ ಮೇಲೆ ಕೈಯನ್ನು ಬೆರಳು ಬೆರಳಾಗಿ ಮುಂದಕ್ಕೆ ಸರಿಸಿ, ತನ್ನ ಟೋಪಿಯನ್ನು ದಾರದ ಮರಿಯ ತಲೆಗೆ ಮುಚ್ಚಿದಳು. ಕತ್ತಲಾದದ್ದೇ ಅದು ಶಾಂತವಾಯಿತು. ಚಾಕುವಿನ ತುದಿ ದಾರದ ಕೆಳಗೆ ತೂರಿಸಿ ಒಂದು ಎಳೆ ಕೊಯ್ದಳು. ಇನ್ನೊಂದು. ಐದು ಸುತ್ತು ಇದ್ದವು. ಚರ್ಮ ಹರಿದಿತ್ತು, ಮೂಳೆ ನೆಟ್ಟಗಿತ್ತು.

ದಾರದ ಇನ್ನೊಂದು ತುದಿ ಗೂಡಿನ ತಳಕ್ಕೆ ಇಳಿದಿತ್ತು. ಪಾಚಿ ಸರಿಸಿ ನೋಡಿದಳು. ಹುಲ್ಲಿನ ಹೊರೆ ಕಟ್ಟುವ ನೈಲಾನ್ ದಾರ, ಚೌಕಟ್ಟಿಗೇ ಬಿಗಿದದ್ದು. ಹಕ್ಕಿ ಇಂಥ ಗಂಟು ಹಾಕುವುದಿಲ್ಲ. ಬಲೆಯ ಗಂಟು, ಕೊನೆಗೆ ಎಡಕ್ಕೊಂದು ಹೆಚ್ಚಿನ ಸುತ್ತು. ಆ ಸುತ್ತು ಹಾಕುವವನು ಸರೋವರದ ಸುತ್ತ ಒಬ್ಬನೇ ಇದ್ದ, ಈಗ ಕೆಳಗೆ ದೋಣಿಯಲ್ಲಿ ಕುಳಿತಿದ್ದ. ಹಿಲ್ಕಳಿಗೆ ಸಿಟ್ಟು ನೆತ್ತಿಗೇರಿತು. ದಾರವನ್ನೆಲ್ಲ ಕತ್ತರಿಸಿ ಜೇಬಿಗೆ ತುರುಕಿದಳು.

ಅಷ್ಟರಲ್ಲಿ ಗಾಳಿ ಎದ್ದಿತು.

ದೊಡ್ಡ ಮರಿ ರೆಕ್ಕೆ ಬಿಚ್ಚಿತು. "ಬೇಡ, ಬೇಡ," ಎಂದಳು ಹಿಲ್ಕ. ಅದು ಹೋಗಿಯೇಬಿಟ್ಟಿತು. ಎರಡು ಸಲ ರೆಕ್ಕೆ ಬಡಿದು, ವಾಲಿ, ಸರೋವರದ ನೀರಿಗೆ ದೊಪ್ಪೆಂದು ಬಿತ್ತು.

"ತೈಸ್ತೊ! ನೀರಲ್ಲಿ! ನಿನ್ನ ಬಲಗಡೆ!"

ಹುಟ್ಟಿನ ಸದ್ದು ಕೇಳಿಸಿತು. ಮರಿ ರೆಕ್ಕೆ ಹರಡಿ ತೇಲುತ್ತಿತ್ತು. ಒಂದೊಂದು ಅಲೆಗೂ ಕೊಂಚ ಕೊಂಚ ಮುಳುಗುತ್ತಿತ್ತು. ತೈಸ್ತೊ ಅಂಗಿ ಕಿತ್ತು ಅದರ ಮೇಲೆ ಎಸೆದ, ಬಾಗಿ ಎರಡೂ ಕೈಯಿಂದ ಬಾಚಿದ. ಉಗುರುಗಳು ಅಂಗೈಯೊಳಗೆ ಇಳಿದವು. ಅವನು ಬಿಡಲಿಲ್ಲ.

ದಡಕ್ಕೆ ಬಂದು, "ಯಾವುದರಲ್ಲಿ ಮೇಲೆ ಕಳಿಸೋದು?" ಎಂದ.

ಅರ್ತೊ ಒಂದು ಕೈಯಲ್ಲಿ ಹಗ್ಗ ಹಿಡಿದೇ ತನ್ನ ಕ್ಯಾಮೆರಾ ಚೀಲವನ್ನು ಪಾಚಿಯ ಮೇಲೆ ಬೋರಲು ಸುರಿದ. ಲೆನ್ಸುಗಳು ಉರುಳಿದವು. "ಇದರಲ್ಲಿ ಹಾಕು, ಬೇಗ!"

ಹಿಲ್ಕ ಇನ್ನೊಂದು ಹಗ್ಗ ಇಳಿಬಿಟ್ಟು ಚೀಲ ಮೇಲಕ್ಕೆಳೆದಳು. ಒದ್ದೆ ಮರಿಯನ್ನು ನಡುವೆ ಮಲಗಿಸಿ, ಅದು ಸುಮ್ಮನಾಗುವವರೆಗೂ ಅಂಗೈಯಿಂದ ಕಣ್ಣು ಮುಚ್ಚಿ ಹಿಡಿದಳು. ಆಮೇಲೆ ಟೋಪಿ ತೆಗೆದುಕೊಂಡು ಸದ್ದಿಲ್ಲದೆ ಇಳಿದಳು.

ನೆಲ ಮುಟ್ಟಿದೊಡನೆ ಜೇಬಿನಿಂದ ದಾರ ತೆಗೆದು ತೈಸ್ತೊನ ಮುಂದೆ ಹಿಡಿದಳು.

"ನಂದೇ," ಎಂದ ತೈಸ್ತೊ. ಅವನ ಅಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ಚೌಕಟ್ಟು ಕಟ್ಟಿದ ದಿನ ಬಿಗಿಯೋ ಕಂಬಿ ಮುಗೀತು. ಚಳಿ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿತ್ತು, ಮನೆ ಒಂಬತ್ತು ಕಿಲೋಮೀಟರ್ ದೂರ. ಜೇಬಲ್ಲಿ ಇದಿತ್ತು. ಪಾಚಿ ಮುಚ್ಚಿದರೆ ಏನಾಗುತ್ತೆ ಅಂದ್ಕೊಂಡೆ."

ಹಿಲ್ಕ ಬೈಯಲು ಬಾಯಿ ತೆರೆದಳು. "ತಾಯಿ ಇನ್ನೂ ಸುತ್ತುತ್ತಿದೆ, ಮೊದಲು ಇಲ್ಲಿಂದ ಹೊರಡೋಣ," ಎಂದ ಅರ್ತೊ. ಅವಳು ಬಾಯಿ ಮುಚ್ಚಿದಳು.

ಮೂವರೂ ಗುಡಿಸಲಿನಲ್ಲಿ ಕುಳಿತರು. ಒಂದು ಗಂಟೆ ಕಾಲ ಕಳೆಯಿತು. ಎರಡು ಗಂಟೆ ಕಳೆಯಿತು. ಗೂಡು ಬರಿದಾದಂತೆ ಕಾಣುತ್ತಿತ್ತು, ಆಕಾಶದಲ್ಲೂ ಹಕ್ಕಿಯಿರಲಿಲ್ಲ.

"ತಾಯಿ ಬರದೇ ಹೋದರೆ?" ಎಂದ ಅರ್ತೊ.

"ಬಳೆ ಹಾಕೋ ನನ್ನ ಪರವಾನಗಿ ನಾನೇ ವಾಪಸ್ ಕೊಡ್ತೀನಿ," ಎಂದಳು ಹಿಲ್ಕ. ಅವಳಿಗೆ ನಿಜವಾಗಿಯೂ ಭಯವಾಗಿತ್ತು.

ಮಧ್ಯಾಹ್ನ ಒಂದೂವರೆಗೆ ತಾಯಿ ಬಂತು. ಮೊದಲು ಪಕ್ಕದ ಮರದಲ್ಲಿ ಕೂತು ಕತ್ತು ತಿರುಗಿಸಿ ಎಲ್ಲ ಕಡೆ ನೋಡಿತು, ಆಮೇಲೆ ಗೂಡಿಗಿಳಿಯಿತು. ಸ್ವಲ್ಪ ಹೊತ್ತಿನಲ್ಲಿ ಗಂಡು ಮೀನು ತಂದಿತು. ಮೂರು ತಲೆಗಳು ಎದ್ದವು. ದಾರ ಬಿಚ್ಚಿಸಿಕೊಂಡ ಮರಿ ತಡವರಿಸುತ್ತ ಎದ್ದು, ಊದಿದ ಕಾಲನ್ನೂ ಊರಿ, ಅಣ್ಣನನ್ನು ಭುಜದಿಂದ ತಳ್ಳಿ ಮುಂದೆ ಬಂತು. ಅರ್ತೊನ ಕ್ಯಾಮೆರಾ ಬಿಡುವಿಲ್ಲದೆ ಸದ್ದು ಮಾಡಿತು.

ಸಂಜೆ ದೋಣಿಯಲ್ಲಿ ವಾಪಸಾಗುವಾಗ ಹುಟ್ಟು ಹಾಕುತ್ತಿದ್ದವಳು ಹಿಲ್ಕ. ಬಟ್ಟೆ ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತೈಸ್ತೊ ಅವಳ ಎದುರಿಗೆ ಕುಳಿತಿದ್ದ.

"ಇನ್ನೆರಡು ಗೂಡಿಗೂ ಅದೇ ದಾರ ಕಟ್ಟಿದೀನಿ. ಈ ವರ್ಷ ಅಲ್ಲಿ ಹಕ್ಕಿ ಕೂತಿಲ್ಲ. ಕೈ ವಾಸಿಯಾಗಲಿ, ನಾನೇ ಹತ್ತಿ ಬಿಚ್ತೀನಿ. ನೀನು ಹಗ್ಗ ಹಿಡಿ."

"ಹಿಡೀತೀನಿ."

"ಬೆಳಗ್ಗೆಯಿಂದ ಬೈಗುಳ ನುಂಗ್ಕೊಂಡು ಕೂತಿದೀಯ. ಬೈದುಬಿಡು ಹಿಲ್ಕ. ನೀನು ಸುಮ್ಮನಿದ್ದರೆ ನನ್ನ ಕೈಲಿ ತಡ್ಕೊಳ್ಳೋಕೆ ಆಗಲ್ಲ."

ಜೊತೆಯಾಗಿ ಗೂಡುಗಳನ್ನು ನೋಡಿಕೊಂಡ ಇಪ್ಪತ್ತಾರು ವರ್ಷಗಳಲ್ಲಿ ತೈಸ್ತೊ ಅವಳನ್ನು ಏನಾದರೂ ಬೇಡಿದ್ದು ಅದೇ ಮೊದಲು. ಊರ ದಡ ಮುಟ್ಟುವವರೆಗೂ ಹಿಲ್ಕ ಅವನಿಗೆ ಮನಸಾರೆ ಬೈದಳು.