ಹನ್ನೊಂದು ಗಂಟೆಯ ಗೆರೆ

ಒಂದು ಮಮತೆ ಪಟ್ಟಿಗೆ ಹದಿನೆಂಟು ಸಾವಿರ ರೂಪಾಯಿ. ನಲವತ್ತು ದಿನ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರೆರೆಯಲು ಬರುವ ಹುಸೇನಬಿಗೆ ನಾಲ್ಕು ಸಾವಿರ, ಒಂದು ಸೀರೆ, ಐದು ಸೇರು ಜೋಳ. ೨೦೬೧ರಲ್ಲಿ ರಾಣೆಬೆನ್ನೂರಿನ ದರ ಇದು. ಬಾಣಂತಿ ಶಿವಲೀಲಾಳ ತವರಿನವರು ಎರಡಕ್ಕೂ ಒಪ್ಪಿದ್ದರು.

ಪಟ್ಟಿ ಅವಳ ಎಡ ರಟ್ಟೆಗೆ ಅಂಟಿಕೊಂಡಿತ್ತು. ಕೂಸನ್ನು ಅಪ್ಪಿಕೊಂಡಾಗ, ಹಾಲೂಡಿಸಿದಾಗ ತಾಯಿಯ ಮಿದುಳು ಮಮತೆ ಉಕ್ಕಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಅದು ಸಾಲದವರಿಗೆ ಪಟ್ಟಿಯ ಅಡಿಯ ಸಣ್ಣ ಸೂಜಿಗಳು ಕೊರತೆ ತುಂಬುತ್ತವೆ. ಚರ್ಮದೊಳಗೆ ಅಕ್ಕಿಕಾಳಿನಷ್ಟು ಮಾಪಕವೊಂದು ಏರಿಳಿತವನ್ನು ದಾಖಲಿಸುತ್ತದೆ.

ನಲವತ್ತನೆಯ ದಿನ ಪಟ್ಟಿ ತೆಗೆಯಲು, ಅದನ್ನು ರೂಪಿಸಿದ ಡಾಕ್ಟರ್ ಮೃಡಾನಿ ಕುಬಸದ ತಾವೇ ಬಂದರು. ಶಿವಲೀಲಾ ರಟ್ಟೆಗೆ ಸೆರಗು ಮುಚ್ಚಿ ಗೋಡೆಗೆ ಸರಿದಳು.

“ತೆಗೀಬ್ಯಾಡ್ರಿ ಅಕ್ಕಾರ.”

“ನೋವಾಗೂದಿಲ್ಲ ತಂಗಿ.”

“ನೋವಿಗಲ್ರಿ. ಮೊದಲ್ನೇ ವಾರ ಯಾರದೋ ಗಂಟು ನನ್ನ ಉಡ್ಯಾಗ ಇಟ್ಟು ಹೋಗ್ಯಾರ ಅನಸ್ತಿತ್ತು. ಕೂಸು ಅತ್ರೂ ಏಳಬೇಕು ಅನಸ್ತಿದ್ದಿಲ್ಲ. ಈಗ ಬಿಟ್ಟಿರಾಕ ಆಗೂದಿಲ್ಲ. ಇದನ್ನ ಕಿತ್ತಮ್ಯಾಲ ಮತ್ತ ಹಂಗಾದ್ರ? ಅದರ ಮಾರಿ ನೋಡಿ ನನಗೇನೂ ಅನಸದಿದ್ರ?”

ಇದಕ್ಕೆ ಮೃಡಾನಿಯವರಲ್ಲಿ ಸಿದ್ಧ ಉತ್ತರವಿತ್ತು. ಅದನ್ನು ಬದಿಗಿಟ್ಟು ಅವಳ ಪಕ್ಕ ಕುಳಿತರು.

“ಮೊದ್ಲ ಎಷ್ಟು ಔಷಧ ಉಳದೈತಿ ನೋಡೂಣು.”

ಸೆರಗು ಸರಿಸಿ ನೋಡಿದರೆ ಮೂವತ್ತೊಂದು ದಿನದ ಔಷಧ ಹಾಗೆಯೇ ಇತ್ತು. ಒಂಬತ್ತನೆಯ ದಿನಕ್ಕೇ ಸೂಜಿಗಳ ಬಾಯಿ ಕಟ್ಟಿತ್ತು. ಪಟ್ಟಿ ಎಣ್ಣೆಯಿಂದ ಹೊಳೆಯುತ್ತಿತ್ತು.

“ಇದರ ಮ್ಯಾಲ ಎಣ್ಣಿ ಹಚ್ಚಿದವರು ಯಾರು?”

“ನಾನು” ಎಂದಳು ಬಚ್ಚಲ ಬಾಗಿಲಲ್ಲಿದ್ದ ಹುಸೇನಬಿ. “ಬಾಣಂತಿ ರಟ್ಟಿ ಎಣ್ಣಿ ಕಾಣಲಿಲ್ಲಂದ್ರ ನಾಳೆ ಕೊಡ ಎತ್ತತಾಳೇನ್ರಿ? ಪಟ್ಟಿ ಜೋಡಿ ಬಂದ ನಿಮ್ಮ ಚೀಟ್ಯಾಗ ನೀರು ಬ್ಯಾಡ ಅಂತಿತ್ತಂತ. ಪ್ಲಾಸ್ಟಿಕ್ ಸುತ್ತಿ ಎರದೀನಿ. ಎಣ್ಣಿ ಬ್ಯಾಡ ಅಂತ ಬರದಿದ್ರೇನು?”

ಬರೆದಿರಲಿಲ್ಲ. ಚೀಟಿ ಮೃಡಾನಿಯವರದೇ.

ಅವರು ಮಾಪಕದ ದಾಖಲೆಯನ್ನು ಕೈಯಲ್ಲಿದ್ದ ಪರದೆಯ ಮೇಲೆ ತೆರೆದರು. ಒಂಬತ್ತನೆಯ ದಿನದ ಬಳಿಕ ಗೆರೆ ನೆಲ ಹಿಡಿದಿತ್ತು. ಹನ್ನೆರಡನೆಯ ದಿನ ಎದ್ದಿತ್ತು, ಔಷಧವಿಲ್ಲದೆ. ಅಂದಿನಿಂದ ದಿನವೂ ಬೆಳಗಿನ ಹನ್ನೊಂದಕ್ಕೆ, ದಿನದಿಂದ ದಿನಕ್ಕೆ ಎತ್ತರವಾಗಿ.

“ಹನ್ನೊಂದಕ್ಕ ಏನ್ ಮಾಡ್ತಿದ್ದಿ?”

ಶಿವಲೀಲಾ ಹುಸೇನಬಿಯ ಕಡೆ ಕೈ ತೋರಿದಳು. “ಕೂಸಿಗೆ ಎರೀತಿದ್ದೆ. ಹನ್ನೆರಡನೇ ದಿನ ಈ ಬೀಯವ್ವನ ಮಣಿಕಟ್ಟು ಉಳುಕಿತ್ತು. ಬಾಣಂತಿ ಎರೀಬಾರ್ದು ಅಂತ ಅವ್ವ ಬೈದಳು. ಮತ್ಯಾರಿಗೂ ಬರೂದಿಲ್ಲ. ಬೀಯವ್ವ ಮಗ್ಗಲಕ್ಕ ಕುಂತು, ಕಾಲು ಚಾಚು, ಕುತ್ತಿಗಿ ಹಿಡಿ ಅಂತ ಹೇಳ್ತಿದ್ದಳು. ಎಣ್ಣಿ ಮೈ, ಎಲ್ಲಿ ಜಾರತೈತೋ ಅಂತ ಜೀವ ಕೈಯಾಗ ಹಿಡಕೊಂಡು ಕುಂದರ್ತಿದ್ದೆ.”

ಮೃಡಾನಿ ಪರದೆಯನ್ನು ಅವಳ ಕಡೆ ತಿರುಗಿಸಿ ಒಂಬತ್ತನೆಯ ದಿನದ ಮೇಲೆ ಬೆರಳಿಟ್ಟರು. “ಇಲ್ಲಿಂದ ಈಚೆ ಪಟ್ಟಿ ಏನೂ ಮಾಡಿಲ್ಲ ತಂಗಿ. ಬರೇ ಅಂಟಿಕೊಂಡು ಕುಂತಿತ್ತು.”

ಶಿವಲೀಲಾ ಗೆರೆಯ ಮೇಲೆ ಬೆರಳಾಡಿಸಿ ರಟ್ಟೆ ಮುಂದಿಟ್ಟಳು. ಪಟ್ಟಿ ಕಿತ್ತು ಬಂತು. ತೊಟ್ಟಿಲಲ್ಲಿ ಕೂಸು ಅತ್ತಿತು. ಅವಳು ಆಗಲೇ ಎದ್ದಿದ್ದಳು.

“ಹೆದರಿಕಿ ಹೋತೇನು?” ಹುಸೇನಬಿ ಕೇಳಿದಳು.

“ಇಲ್ಲಬೇ. ಮೊದ್ಲ ಪ್ರೀತಿ ಹೋಗತೈತಿ ಅಂತಿತ್ತು. ಈಗ ಕೂಸಿಗೆ ನೆಗಡಿ ಆಗತೈತಿ ಅಂತೈತಿ.”

“ಅದು ಹೋಗೂದಲ್ಲ. ನನ್ನ ಮಗಗ ಐವತ್ತಾತು, ನನಗಿನ್ನೂ ಐತಿ.”

ಆ ಒಂಬತ್ತು ದಿನದ ಔಷಧವಿಲ್ಲದಿದ್ದರೆ ಶಿವಲೀಲಾ ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುತ್ತಿದ್ದಳೇ? ಮೃಡಾನಿಯವರಿಗೆ ಗೊತ್ತಾಗಲಿಲ್ಲ. ತಾಯಿ ಎರೆಯುವಾಗ ಗೆರೆ ಎದ್ದದ್ದನ್ನೂ, ಎಣ್ಣೆಯಿಂದ ಸೂಜಿ ಕಟ್ಟಿದ್ದನ್ನೂ ವರದಿಯಲ್ಲಿ ಬರೆದರು. ಪಟ್ಟಿ ತಯಾರಿಸುವವರು ಎರಡನೆಯದನ್ನು ಮಾತ್ರ ಓದಿದರು. ಮರುವರ್ಷದ ಚೀಟಿಯಲ್ಲಿ ಒಂದು ಸಾಲು ಹೆಚ್ಚಾಯಿತು: ಎಣ್ಣೆ ಹಚ್ಚಬಾರದು.

ಜನ ಚೀಟಿಯ ಮಾತು ಮೀರಲಿಲ್ಲ. ಮೊದಲು ಎಣ್ಣೆ ಬಿಟ್ಟರು, ಆಮೇಲೆ ಎರೆಯುವವಳನ್ನು ಕರೆಯುವುದು ಬಿಟ್ಟರು. ಕೂಸುಗಳಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಐದೇ ನಿಮಿಷ.

ಶಿವಲೀಲಾಳಿಗೆ ಮಗಳು ಸಿಕ್ಕಳು. ಊರಿಗೆ ಪಟ್ಟಿ ಸಿಕ್ಕಿತು, ಬೆಳಗಿನ ಎರೆಯುವ ಆ ಒಂದು ಗಂಟೆ ಹೋಯಿತು.