ಬ್ಯಾಟರಿ ನಮ್ಮ ಮೇಜಿನ ಮೇಲಿತ್ತು

ಪರದೇಶದ ಎಸ್ಕಿಲ್‌ಸ್ಟುನಾ ಊರಿನ ಹೊರಗಿನ ಶೆಡ್ಡೊಂದರಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಅಕ್ಕನ ಗಂಡ ದತ್ತ ಭಾವ ಗೆಳೆಯರೊಂದಿಗೆ ಕಟ್ಟಿದ ಕರೆಂಟಿನ ಹೆಲಿಕಾಪ್ಟರು ಅಂದು ಮೊದಲ ಸಲ ಮನುಷ್ಯನನ್ನು ಹೊತ್ತು ಏಳಬೇಕಿತ್ತು. ಕೂರುವವರು ಭಾವನೇ. ಹೊಗೆಯಿಲ್ಲದ ಆ ಚೆಂದದ ಯಂತ್ರವನ್ನು ಎಷ್ಟು ನೋಡಿದರೂ ನನಗೆ ಸಾಲದು. ಹೊಸ ಗಾಡಿಯ ಚಕ್ರಕ್ಕೆ ಇಡುವಂತೆ, ಯಾರಿಗೂ ಕಾಣದ ಹಾಗೆ ಅದರ ಕಾಲಿನ ಪಕ್ಕ ನಿಂಬೆಹಣ್ಣು ಇಟ್ಟೆ.

ಬೆಂಕಿಯ ಭಯಕ್ಕೆ ಬ್ಯಾಟರಿಯನ್ನು ಬಿಚ್ಚಿ ಹೊರಗೇ ಇಡುವುದು ಅವರ ರೂಢಿ. ಶೆಡ್ಡಿಗೆ ಬೀಗ ಹಾಕಿ, ಅದನ್ನು ಮೇಜಿನ ಮೇಲಿಟ್ಟುಕೊಂಡೇ ಫೀಕಾಕ್ಕೆ, ಅಂದರೆ ಅಲ್ಲಿನವರ ಕಾಫಿ ವಿರಾಮಕ್ಕೆ, ಕೂತೆವು. ಕಾಫಿ ಮುಗಿಯುವ ಮೊದಲೇ ಒಳಗೆ ರೆಕ್ಕೆ ತಿರುಗಿದ ಸದ್ದು ಕೇಳಿತು. ಬಾಗಿಲ ಸಂದಿಯಿಂದ ಬೆಚ್ಚನೆಯ ಗಾಳಿ ಬಂತು, ಜೊತೆಗೆ ನಿಂಬೆಯ ವಾಸನೆ.

ತೆರೆದು ನೋಡಿದರೆ ಹಣ್ಣು ಯಂತ್ರದ ಕಾಲಡಿ ಜಜ್ಜಿಹೋಗಿತ್ತು. ಮೇಲೆದ್ದು ಇಳಿಯದೆ ಹಾಗಾಗದು.

"ಭಾವ, ಇವತ್ತು ಬೇಡ."

"ಬಾಯಿ ಬಿಡೋದೇ ಅಪರೂಪ, ಬಿಟ್ರೆ ಇದಾ ಮಾಲತಿ?" ಭಾವ ನಕ್ಕರು. "ಯಾರೋ ಟೆಸ್ಟ್ ಮಾಡಿಕೊಟ್ಟಿದ್ದಾರೆ, ಒಳ್ಳೇದಾಯ್ತು ಬಿಡು."

ಯಂತ್ರವನ್ನು ಹೊರಗೆ ತಂದು, ಬ್ಯಾಟರಿ ಜೋಡಿಸಿ, ಮರದೆತ್ತರ ಏರಿದರು. ನನ್ನ ಕಣ್ಣು ತುಂಬಿತು. ಇಳಿಯುವಾಗ ಮಾತ್ರ ಯಂತ್ರ ಧಡ್ಡನೆ ಕುಕ್ಕಿ, ಅಂಗಳದ ಸಿಮೆಂಟು ನೆಲ ಬಿರಿಯಿತು.

ಶೆಡ್ಡಿನೊಳಗೆ ನಿಂಬೆ ಜಜ್ಜಿದ ಜಾಗದ ಸಿಮೆಂಟಿನಲ್ಲಿ ಒಂದು ಗೀರೂ ಇರಲಿಲ್ಲ; ಅಲ್ಲಿ ಇಳಿಸಿದವರು ಯಾರೋ, ಭಾವನಿಗಿಂತ ಪಳಗಿದ ಕೈ.