ಹೊಗೆ ಹಾಕದ ಮನೆ

"ಏನೇ ನೊರೀನ್, ಇಷ್ಟು ಚೆಂದದ ಮನೆ ಕಟ್ಟಿಸಿದ್ದು ನಾಯಿಗಳು ಮಲಗೋಕಾ?"

ವ್ಯಾನಿನಿಂದ ಗಾಲಿಕುರ್ಚಿ ಇಳಿಯುತ್ತಿದ್ದ ಹಾಗೇ ಕ್ಲಿಫ್ಟನ್ ಕಿಚಾಯಿಸಿದ. ಲಾರಿ ಮಗುಚಿ ಸೊಂಟದ ಕೆಳಗಿನ ಸ್ವಾಧೀನ ಹೋದಾಗಿನಿಂದ ಅವನು ದೂರದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಆರೈಕೆ ಮನೆಯಲ್ಲಿದ್ದ. ಅವನನ್ನೂ, ಅಲ್ಲಿ ಕೊರಗುತ್ತಿದ್ದ ಊರಿನ ಮುದುಕರನ್ನೂ ಮರಳಿ ತರಬೇಕೆಂದೇ ನೊರೀನ್ ಕಚೇರಿ ಕಚೇರಿ ಅಲೆದು ಊರಲ್ಲೇ ಈ ಆರೈಕೆ ಕೇಂದ್ರ ಕಟ್ಟಿಸಿದ್ದಳು. ಈಗ ಅವರೆಲ್ಲ ಕೆಂಪು ಮಣ್ಣಿನ ಅಂಗಳಕ್ಕೆ ಬಂದಿಳಿದಿದ್ದರೂ ಅವಳಿಗೆ ಕಣ್ಣೆತ್ತಿ ನೋಡುವ ಧೈರ್ಯವಿರಲಿಲ್ಲ. ನಾಳೆಯೊಳಗೆ ಯಾರೂ ಒಳಗೆ ಹೋಗದಿದ್ದರೆ ವ್ಯಾನು ಅವರನ್ನೆಲ್ಲ ವಾಪಸು ಕರೆದೊಯ್ಯುತ್ತದೆ, ಕೇಂದ್ರಕ್ಕೆ ಬೀಗ ಬೀಳುತ್ತದೆ.

ಇಲ್ಲಿ ಮೊದಲು ಬಂದು ಮಲಗಿದವಳು ನೊರೀನಳ ತಾಯಿ. ಇಲ್ಲೇ ತೀರಿಕೊಂಡಳು. ಸಾವಾದ ಮನೆಗೆ ಹಸಿ ಸೊಪ್ಪಿನ ಹೊಗೆ ಹಾಕಿ ಸತ್ತವರನ್ನು ಕಳಿಸಿಕೊಡುವ ತನಕ ಈ ಜನ ಅದರ ಹೊಸಿಲು ತುಳಿಯುವುದಿಲ್ಲ. ಸೊಪ್ಪೇನೋ ಬೇಕಾದಷ್ಟಿತ್ತು. ಮಗಳು ಹೂಂ ಅನ್ನಬೇಕಿತ್ತು.

"ಗಾಳಿ ಜೋರಂತೆ, ನೆಗಡಿಯಂತೆ, ದಿನಕ್ಕೊಂದು ನೆಪ," ತಾಯಿಯ ಅಕ್ಕ ಮಾವಿಸ್ ದೊಡ್ಡಮ್ಮ ಗೊಣಗಿದಳು. "ಅತ್ಲಾಗೆ ನನ್ನ ತಂಗಿ ದಾರಿ ಸಿಗದೆ ಒದ್ದಾಡ್ತಿದಾಳೆ."

ದೊಡ್ಡಮ್ಮ ಆಚೆ ಹೋದ ಮೇಲೆ ಕ್ಲಿಫ್ಟನ್ ಮೆಲ್ಲಗೆ ಕೇಳಿದ, "ಅಮ್ಮನ ಸದ್ದು ಕೇಳಿಸುತ್ತಾ?"

"ಸಂಜೆ ಹೊತ್ತು ಕೆಮ್ತಾಳೆ. ಹಾಸಿಗೆ ಕೊಡವ್ತಾಳೆ. ನಾನು ಕಿಟಕಿ ಹೊರಗೆ ಕೂತು ಮಾತಾಡಿಸ್ತೀನಿ." ನೊರೀನ್ ಆ ಕಿಟಕಿಯ ಕಡೆ ನೋಡಿದಳು. "ಹೊಗೆ ಹಾಕಿದ್ರೆ ಅದೂ ಇರಲ್ಲ."

ಅವನು ನಗಲಿಲ್ಲ. ಮೊದಲ ಸಲ ಅವಳ ಕೈ ಹಿಡಿದುಕೊಂಡ. ಆ ಬಿಸಿ ಅವಳ ಎದೆಯವರೆಗೂ ಹತ್ತಿತು.

"ಪಟ್ಟಣದಲ್ಲಿ ನಾನೂ ಹಂಗೇ ಕಣೇ. ಉಸಿರಾಡೋ ದೆವ್ವ. ನೀನು ಅಮ್ಮನ್ನ ಬಿಡಲ್ಲ ಅಂದ್ರೆ ನಾನು ಎಲ್ಲಿಗೆ ಬರ್ಲಿ? ನಿಜ ಹೇಳು, ನಾಳೆ ಹೋಗ್ಲಾ?"

ಖಾಲಿ ಕೋಣೆಯೊಳಗೆ ಯಾರೋ ಕೆಮ್ಮಿದರು. ಇಬ್ಬರಿಗೂ ಕೇಳಿಸಿತು.

ಬೆಳಿಗ್ಗೆ ಅವಳೇ ದೊಡ್ಡಮ್ಮನನ್ನು ಕರೆತಂದಳು. ಸೊಪ್ಪು ಚಟಪಟ ಎಂದಿತು, ದಟ್ಟ ಹೊಗೆ ಕೋಣೆ ಕೋಣೆ ಹೊಕ್ಕಿತು. ಹೆಂಗಸರು ಗೋಳಾಡುತ್ತಾ ರೆಂಬೆಗಳಿಂದ ನೆಲ ಗುಡಿಸಿದರು. ಎಲ್ಲ ಮುಗಿದ ಮೇಲೆ ನೊರೀನ್ ಕಿಟಕಿಗೆ ಕಿವಿಗೊಟ್ಟಳು. ಏನೂ ಇಲ್ಲ. ಆಗ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮುದುಕರು ಒಬ್ಬೊಬ್ಬರಾಗಿ ಒಳಗೆ ಹೋದರು. ಕ್ಲಿಫ್ಟನ್ ಕುರ್ಚಿ ಉರುಳಿಸಿಕೊಂಡು ಹತ್ತಿರ ಬಂದ.

"ನನ್ನ ಕೋಣೆ ಯಾವುದೇ?"

"ನಿನಗಿಲ್ಲಿ ಕೋಣೆ ಇಲ್ಲ."

ಅವನ ಮುಖ ಬಾಡಿತು. ಅವಳು ಕಣ್ಣೊರೆಸಿಕೊಂಡು ಎದುರಿನ ತನ್ನ ಮನೆಯ ಕಡೆ ನೋಡಿದಳು.

"ಅಲ್ಲಿ ಬಾಗಿಲು ಅಗಲ ಮಾಡಿಸಿ ವರ್ಷ ಆಯ್ತು. ನಿನ್ನ ಕುರ್ಚಿ ಅಳತೆಗೆ. ಹೇಳೋಕೆ ನಾಚಿಕೆ ಆಗಿತ್ತು ಕಣೋ. ಬಾ."